ಮೇಜರ್ ಬದಲಾಯಿಸುವ ಮೊದಲು ಕ್ರೆಡಿಟ್ ಅಲ್ಲ, ಸರಪಳಿ ಎಣಿಸಿ

‘ತಪ್ಪು ಕೋರ್ಸ್ ತಗೊಂಡುಬಿಟ್ಟೆ’ ಎನ್ನುವುದು ಕೇಳಲು ಒಂದೇ ಮಾತು. ಬಿಡಿಸಿ ನೋಡಿದರೆ ಅದರೊಳಗೆ ಐದಾರು ಬೇರೆ ಬೇರೆ ದೂರುಗಳಿರುತ್ತವೆ. ವಿಷಯವೇ ರುಚಿಸುತ್ತಿಲ್ಲ ಎನ್ನುವವರಿದ್ದಾರೆ. ವಿಷಯ ಚೆನ್ನಾಗಿದೆ, ಪಾಠ ಮಾಡುವವರು ಸರಿಯಿಲ್ಲ ಎನ್ನುವವರಿದ್ದಾರೆ. ಒಂದು ಸೆಮಿಸ್ಟರ್‌ನಲ್ಲಿ ಎರಡು ಪೇಪರ್ ಉಳಿಸಿಕೊಂಡು ಹೆದರಿದವರು, ಕೆಲಸ ಸಿಗುವುದಿಲ್ಲವೆಂದು ಯಾರೋ ಹೇಳಿದ್ದನ್ನು ಕೇಳಿ ನಿದ್ದೆಗೆಟ್ಟವರು, ಆಯ್ಕೆ ತಮ್ಮದಾಗಿರದೆ ಮನೆಯವರದ್ದಾಗಿದ್ದಕ್ಕೆ ಒಳಗೊಳಗೇ ಕುದಿಯುವವರು, ಎಲ್ಲರೂ ಹೇಳುವುದು ಇದೇ ವಾಕ್ಯವನ್ನು. ಇವುಗಳಲ್ಲಿ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಬದಲಾಯಿಸಿದರೆ ನೇರವಾಗಿ ವಾಸಿಯಾಗುವುದು ಮೊದಲನೆಯದು ಮಾತ್ರ. ಉಳಿದವಕ್ಕೆಲ್ಲ ಅದನ್ನೇ ಮದ್ದು ಮಾಡಿಕೊಂಡರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ನಮ್ಮ ಬೇಸರಕ್ಕೆ ಕಾರಣ ಯಾವುದೆಂದು ಗುರುತಿಸುವುದರಲ್ಲಿ ನಾವು ಎಷ್ಟು ದಡ್ಡರು ಎನ್ನುವುದಕ್ಕೆ ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಒಂದು ಅಧ್ಯಯನ ನೋಡಬೇಕು. ಅಲ್ಲಿ ಆರಂಭದ ಕಡ್ಡಾಯ ಕೋರ್ಸ್‌ಗಳನ್ನು ಯಾವ ಹೊತ್ತಿನಲ್ಲಿ ಓದಬೇಕೆಂಬುದು ವಿದ್ಯಾರ್ಥಿಗಳ ಕೈಯಲ್ಲಿಲ್ಲ. ವೇಳಾಪಟ್ಟಿ ಹೇಗೆ ಬರುತ್ತದೋ ಹಾಗೆ. ಬೆಳಗಿನ 7:30ರ ತರಗತಿಗೆ ಬಿದ್ದವರು ಮುಂದೆ ಆ ವಿಷಯವನ್ನೇ ಮೇಜರ್ ಆಗಿ ಆರಿಸಿಕೊಳ್ಳುವ ಸಾಧ್ಯತೆ ಸುಮಾರು ಶೇ. 10ರಷ್ಟು ಕಡಿಮೆಯಿತ್ತು. ಅದೇ ಸಿಲಬಸ್, ಅದೇ ಪುಸ್ತಕ. ತೂಕಡಿಕೆಯ ತಪ್ಪನ್ನು ಅವರು ವಿಷಯದ ತಲೆಗೆ ಕಟ್ಟಿದ್ದರು. ನಿದ್ದೆ ಕೆಟ್ಟ ಸೆಮಿಸ್ಟರ್‌ನಲ್ಲಿ ಹುಟ್ಟಿದ ಪಶ್ಚಾತ್ತಾಪವನ್ನು ಅದಕ್ಕೇ ಸ್ವಲ್ಪ ಅನುಮಾನದಿಂದ ನೋಡಬೇಕು.

ಹಾಗಾಗಿ ಮೊದಲ ಕೆಲಸ ಅರ್ಜಿ ಬರೆಯುವುದಲ್ಲ, ಹದಿನಾಲ್ಕು ದಿನ ಟಿಪ್ಪಣಿ ಇಡುವುದು. ಪ್ರತಿ ತರಗತಿ ಮತ್ತು ಪ್ರತಿ ಬಾರಿ ಓದಲು ಕೂತದ್ದಕ್ಕೆ ಒಂದೊಂದು ಸಾಲು ಸಾಕು: ಏನು ಮಾಡಿದೆ, ಗಮನ ಎಷ್ಟು ನಿಮಿಷ ನಿಂತಿತು (ಮೊಬೈಲ್ ಕೈಗೆ ಬಂದ ಕ್ಷಣವೇ ಗಮನ ಮುರಿಯಿತೆಂದು ಲೆಕ್ಕ ಹಾಕಿ, ಅದಕ್ಕಿಂತ ಪ್ರಾಮಾಣಿಕ ಗಡಿಯಾರ ಇನ್ನೊಂದಿಲ್ಲ), ಯಾಕೆ ಮುರಿಯಿತು. ಕೆಮಿಸ್ಟ್ರಿ ಮೇಜರ್ ಒಬ್ಬರ ಪುಟ ಹೀಗಿರಬಹುದು:

ಸೋಮವಾರ, ಥರ್ಮೋಡೈನಮಿಕ್ಸ್ ತರಗತಿ. 10 ನಿಮಿಷ. ಬೋರ್ಡ್ ಮೇಲಿನ ಮೂರನೇ ಸಾಲಿನಿಂದ ಅರ್ಥವಾಗಲಿಲ್ಲ.
ಮಂಗಳವಾರ, ಲ್ಯಾಬ್. ಎರಡು ಗಂಟೆ. ಹೊತ್ತು ಹೋದದ್ದು ಗೊತ್ತಾಗಲಿಲ್ಲ.
ಬುಧವಾರ, ಥರ್ಮೋಡೈನಮಿಕ್ಸ್ ಲೆಕ್ಕ, ಒಬ್ಬನೇ. 8 ನಿಮಿಷ. ಪಾರ್ಶಿಯಲ್ ಡೆರಿವೇಟಿವ್ ಬಂದ ಕೂಡಲೇ ನಿಂತೆ.
ಗುರುವಾರ, ಅದೇ ಲೆಕ್ಕ, ರೂಮ್‌ಮೇಟ್ ಜೊತೆ. 50 ನಿಮಿಷ. ಬಿಡಿಸಿದೆವು.

ಈ ನಾಲ್ಕು ಸಾಲಿನಲ್ಲಿ ಕೆಮಿಸ್ಟ್ರಿಯ ಮೇಲೆ ಒಂದೂ ದೂರಿಲ್ಲ. ಪಾರ್ಶಿಯಲ್ ಡೆರಿವೇಟಿವ್ ಗಣಿತದ ಪಾಠ, ಬಾಕಿ ಉಳಿದಿರುವುದು ಮೊದಲ ವರ್ಷದ ಕ್ಯಾಲ್ಕುಲಸ್. ಈ ವಿದ್ಯಾರ್ಥಿ ಕೆಮಿಸ್ಟ್ರಿ ಬಿಟ್ಟು ಎಕನಾಮಿಕ್ಸ್‌ಗೋ ಸ್ಟ್ಯಾಟಿಸ್ಟಿಕ್ಸ್‌ಗೋ ಹೋದರೆ ಅದೇ ಪಾರ್ಶಿಯಲ್ ಡೆರಿವೇಟಿವ್ ಅಲ್ಲೂ ಬಾಗಿಲಲ್ಲೇ ನಿಂತಿರುತ್ತದೆ. ಇಲ್ಲಿ ಬೇಕಾದದ್ದು ದಿನಕ್ಕೊಂದು ಗಂಟೆಯಂತೆ ಮೂರ್ನಾಲ್ಕು ವಾರ ಹಳೆಯ ಲೆಕ್ಕಗಳನ್ನು ಮಾಡುವುದು, ಅಷ್ಟೇ. ಲ್ಯಾಬ್, ಲೆಕ್ಕ, ಓದು, ಚರ್ಚೆ ಎಲ್ಲ ಕಡೆಯೂ ಹತ್ತು ನಿಮಿಷಕ್ಕೇ ಮುರಿದು, ಕಾರಣದ ಜಾಗದಲ್ಲಿ ‘ಇದು ಯಾಕೆ ಬೇಕು’ ಎಂದೇ ಬರುತ್ತಿದ್ದರೆ ಅದು ನಿಜವಾದ ಸೂಚನೆ. ಆದರೆ ಕ್ರಿಕೆಟ್, ಗೆಳೆಯರು, ಊಟ, ನಿದ್ದೆ ಯಾವುದೂ ಬೇಡವಾಗಿ ಎರಡು ವಾರಕ್ಕೂ ಮೇಲಾಗಿದ್ದರೆ ವಿಷಯದ ಮಾತು ಪಕ್ಕಕ್ಕಿಡಿ. ಅದು ಖಿನ್ನತೆ ಇರಬಹುದು, ಮೊದಲು ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ಅಂಥ ಸ್ಥಿತಿಯಲ್ಲಿ ಮೇಜರ್ ನಿರ್ಧಾರ ಮಾಡಲೇಬಾರದು.

ಇನ್ನು ಹೋಗಬೇಕೆಂದಿರುವ ವಿಷಯ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುವ ಗಾದೆ ಮೇಜರ್‌ಗಳಿಗೆಂದೇ ಹುಟ್ಟಿದ ಹಾಗಿದೆ. ಮನಸ್ಸಿನ ಒಳಹೊರಗು ತಿಳಿಯುತ್ತದೆಂದು ಸೈಕಾಲಜಿಗೆ ಹೋದವರಿಗೆ ಮೊದಲು ಎದುರಾಗುವುದು ಪ್ರಯೋಗ ವಿನ್ಯಾಸ ಮತ್ತು ಸ್ಟ್ಯಾಟಿಸ್ಟಿಕ್ಸ್. ಗೇಮ್ ಮಾಡಬೇಕೆಂದು ಕಂಪ್ಯೂಟರ್ ಸೈನ್ಸ್ ಆರಿಸಿದವರಿಗೆ ಡಿಸ್ಕ್ರೀಟ್ ಗಣಿತ, ಆಟೊಮಾಟಾ. ವಾದ ಮಾಡುವುದು ಇಷ್ಟವೆಂದು ಕಾನೂನಿಗೆ ಬಂದವರು ದಿನದ ಬಹುಪಾಲು ವಾದಿಸುವುದಿಲ್ಲ, ತೀರ್ಪುಗಳನ್ನು ಓದುತ್ತಾರೆ. ಚಿತ್ರ ಬಿಡಿಸುವ ಕೈಯೊಂದನ್ನೇ ನಂಬಿ ಆರ್ಕಿಟೆಕ್ಚರ್ ಸೇರಿದವರಿಗೆ ಸ್ಟ್ರಕ್ಚರ್ಸ್ ಪೇಪರ್ ಕಾದಿರುತ್ತದೆ. ಅದರ ಮೇಲೆ, ಸ್ಟುಡಿಯೊ ರಿವ್ಯೂ ಹಿಂದಿನ ರಾತ್ರಿಗಳು.

ಪರೀಕ್ಷಿಸುವ ವಿಧಾನ ಸರಳ, ಆದರೆ ಬಹುತೇಕರು ತಪ್ಪು ತುದಿಯಿಂದ ಶುರು ಮಾಡುತ್ತಾರೆ. ಮೊದಲ ವರ್ಷದ ಪರಿಚಯ ತರಗತಿಗೆ ಹೋಗಿ ಕೂತು ‘ಆಹಾ’ ಎಂದು ಬರುತ್ತಾರೆ. ಪರಿಚಯದ ಕೋರ್ಸ್ ಎಲ್ಲ ವಿಭಾಗದಲ್ಲೂ ಜಾತ್ರೆಯ ಮುಂಬಾಗಿಲು, ಇದ್ದ ಬಣ್ಣವೆಲ್ಲ ಅಲ್ಲೇ ಇರುತ್ತದೆ. ನೋಡಬೇಕಾದದ್ದು ಮೂರನೇ ವರ್ಷದ ಕಡ್ಡಾಯ ಕೋರ್ಸ್, ಅದರಲ್ಲೂ ಸೀನಿಯರ್‌ಗಳು ‘ತೀರಾ ಬೋರು’ ಎನ್ನುವಂಥದ್ದು. ಅಧ್ಯಾಪಕರ ಅನುಮತಿ ಕೇಳಿ ಎರಡು ತರಗತಿಗೆ ಕೂತುಬನ್ನಿ. ಆಮೇಲೆ ಅದೇ ಕೋರ್ಸ್‌ನ ಒಂದು ಅಸೈನ್‌ಮೆಂಟ್ ತಂದು ಹತ್ತು ಗಂಟೆ ಕೊಡಿ. ಪೂರ್ತಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅರ್ಥವಾಗದ ಜಾಗದಲ್ಲಿ ಕೈ ಪುಸ್ತಕದ ಕಡೆ ಹೋಯಿತೋ ಮೊಬೈಲ್ ಕಡೆಯೋ ಎನ್ನುವುದಷ್ಟೇ ಉತ್ತರ.

ಸರಪಳಿಯ ಲೆಕ್ಕ

ಇಷ್ಟಾದ ಮೇಲೂ ಬದಲಾಯಿಸಬೇಕೆಂದೇ ಅನ್ನಿಸಿದರೆ ಕಾಗದ, ಪೆನ್ಸಿಲ್ ತೆಗೆಯಿರಿ. ಸಾಮಾನ್ಯವಾಗಿ ಎಲ್ಲರೂ ಎಣಿಸುವುದು ಎಷ್ಟು ಕ್ರೆಡಿಟ್ (ಪದವಿಯ ಲೆಕ್ಕಕ್ಕೆ ಪ್ರತಿ ಕೋರ್ಸ್‌ಗೂ ಕೊಡುವ ತೂಕ) ವ್ಯರ್ಥವಾಗುತ್ತದೆ ಎಂದು. ನಿಜವಾಗಿ ಸಮಯ ತಿನ್ನುವುದು ಕ್ರೆಡಿಟ್ ಅಲ್ಲ, ಪ್ರೀರಿಕ್ವಿಸಿಟ್ ಸರಪಳಿ. ಅಂದರೆ, ಇದು ಮುಗಿಸದೆ ಅದಕ್ಕೆ ಸೇರಿಸಿಕೊಳ್ಳುವುದಿಲ್ಲ ಎನ್ನುವ ಕೋರ್ಸ್‌ಗಳ ಸಾಲು.

ಒಂದು ಲೆಕ್ಕ ಮಾಡಿ ನೋಡೋಣ. ಪದವಿಗೆ ಒಟ್ಟು 120 ಕ್ರೆಡಿಟ್, ಎಂಟು ಸೆಮಿಸ್ಟರ್. ವಿದ್ಯಾರ್ಥಿ ನಾಲ್ಕು ಸೆಮಿಸ್ಟರ್‌ನಲ್ಲಿ 60 ಕ್ರೆಡಿಟ್ ಮುಗಿಸಿದ್ದಾಳೆ, ಕೆಮಿಸ್ಟ್ರಿಯಿಂದ ಸ್ಟ್ಯಾಟಿಸ್ಟಿಕ್ಸ್‌ಗೆ ಹೋಗಬೇಕು. ಆ 60ರಲ್ಲಿ ಭಾಷೆ, ಸಾಮಾನ್ಯ ವಿಷಯಗಳು 24. ಅವು ಹಾಗೇ ಉಳಿಯುತ್ತವೆ. ಗಣಿತ 12, ಹೊಸ ಮೇಜರ್‌ಗೂ ಬೇಕಾದದ್ದೇ, ಲಾಭ. ಕೆಮಿಸ್ಟ್ರಿ 24, ಅದರಲ್ಲಿ 12 ಮುಕ್ತ ಐಚ್ಛಿಕದ ಖಾನೆಗೆ ಹೋಗುತ್ತದೆ, ಇನ್ನು 12ಕ್ಕೆ ಜಾಗವಿಲ್ಲ. ಹಾಗಾದರೆ ಕೈಯಲ್ಲಿರುವುದು 48, ಬಾಕಿ 72. ಸೆಮಿಸ್ಟರ್‌ಗೆ 18ರಂತೆ ಎಳೆದರೆ ನಾಲ್ಕೇ ಸೆಮಿಸ್ಟರ್, ಎಂಟಕ್ಕೇ ಮುಗಿಯುತ್ತದೆ! ಇಲ್ಲಿಗೆ ಎಲ್ಲರೂ ಖುಷಿಪಟ್ಟು ಅರ್ಜಿ ಹಾಕಿಬಿಡುತ್ತಾರೆ.

ಈಗ ಸರಪಳಿ ಬರೆಯಿರಿ. ಕ್ಯಾಲ್ಕುಲಸ್ ಮುಗಿದಿದೆ. ಮುಂದೆ ಪ್ರಾಬಬಿಲಿಟಿ, ಅದು ಮುಗಿದ ಮೇಲೆ ಇನ್‌ಫರೆನ್ಸ್, ಅದಾದ ಮೇಲೆ ರಿಗ್ರೆಶನ್, ಆಮೇಲೆ ಮಲ್ಟಿವೇರಿಯೇಟ್, ಅದಿಲ್ಲದೆ ಕೊನೆಯ ಪ್ರಾಜೆಕ್ಟ್ ಇಲ್ಲ. ಐದು ಕೊಂಡಿ. ಒಂದು ಸೆಮಿಸ್ಟರ್‌ಗೆ ಒಂದೇ ಕೊಂಡಿ ದಾಟಬಹುದು, ದಿನಕ್ಕೆ ಇಪ್ಪತ್ತು ಗಂಟೆ ಓದಿದರೂ ಅಷ್ಟೇ. ಐದನೇ ಸೆಮಿಸ್ಟರ್‌ಗೆ ಶುರು ಮಾಡಿದರೆ ಮುಗಿಯುವುದು ಒಂಬತ್ತಕ್ಕೆ. ಹೇಗೂ ಒಂಬತ್ತು ಆಗಲೇಬೇಕೆಂದ ಮೇಲೆ 18ರ ಹೊರೆ ಯಾಕೆ? 72 ಕ್ರೆಡಿಟ್ ಅನ್ನು ಐದರಲ್ಲಿ ಹಂಚಿದರೆ ಒಂದೊಂದಕ್ಕೆ 15ರೊಳಗೇ ಆಯಿತು. ಸರಪಳಿ ಎಣಿಸದವರು ನಾಲ್ಕು ಸೆಮಿಸ್ಟರ್ ಕತ್ತೆಯಂತೆ ದುಡಿದು, ಐದನೆಯದರಲ್ಲಿ ಒಂದೇ ಪ್ರಾಜೆಕ್ಟ್‌ಗೆ ಪೂರ್ತಿ ಶುಲ್ಕ ಕಟ್ಟಿ ಕೂರುತ್ತಾರೆ.

ಇನ್ನೂ ಒಂದು ತಿರುವಿದೆ. ಚಿಕ್ಕ ವಿಭಾಗಗಳು ಎಲ್ಲ ಕೋರ್ಸನ್ನೂ ಎಲ್ಲ ಸೆಮಿಸ್ಟರ್‌ನಲ್ಲೂ ನಡೆಸುವುದಿಲ್ಲ. ಪ್ರಾಬಬಿಲಿಟಿ ಬೆಸ ಸೆಮಿಸ್ಟರ್‌ನಲ್ಲಿ ಮಾತ್ರ ಇದ್ದು, ಅರ್ಜಿಯ ಕೊನೆಯ ದಿನ ತಪ್ಪಿ, ಮೇಜರ್ ಸಿಕ್ಕಿದ್ದು ಆರನೇ ಸೆಮಿಸ್ಟರ್‌ಗೆ ಎಂದಿಟ್ಟುಕೊಳ್ಳಿ. ಸರಪಳಿ ಶುರುವಾಗುವುದು ಏಳಕ್ಕೆ, ಮುಗಿಯುವುದು ಹನ್ನೊಂದಕ್ಕೆ. ಒಂದು ವಾರದ ಆಲಸ್ಯಕ್ಕೆ ಒಂದು ವರ್ಷ ದಂಡ. ಹಾಗಾಗಿ ನಿರ್ಧಾರ ಪಕ್ಕಾ ಆಗುವ ಮೊದಲೇ ಹೊಸ ಸರಪಳಿಯ ಮೊದಲ ಕೊಂಡಿಗೆ ಐಚ್ಛಿಕವಾಗಿ ಹೆಸರು ಹಾಕಿಬಿಡುವುದು ಜಾಣತನ. ಹೋಗದಿದ್ದರೂ ನಷ್ಟವಿಲ್ಲ, ಹೋದರೆ ಒಂದು ವರ್ಷ ಉಳಿಯಿತು. ನನ್ನನ್ನು ಕೇಳಿದರೆ ಈ ಇಡೀ ಬರಹದಲ್ಲಿ ಇವತ್ತೇ ಮಾಡಬಹುದಾದ ಕೆಲಸ ಇದೊಂದೇ.

ಎಡವುವ ಜಾಗ ಇನ್ನೂ ಕೆಲವಿವೆ. ‘ಕ್ರೆಡಿಟ್ ವರ್ಗಾವಣೆ ಆಗುತ್ತೆ’ ಎಂಬ ಉತ್ತರ ಅರ್ಧ ಉತ್ತರ. ಕಡ್ಡಾಯ ಕೋರ್ಸ್‌ನ ಬದಲಿಗೆ ಒಪ್ಪುತ್ತಾರೋ, ಬರಿಯ ಐಚ್ಛಿಕದ ಲೆಕ್ಕಕ್ಕೋ ಎಂದು ಕೇಳಬೇಕು. ಐಚ್ಛಿಕಕ್ಕೆ ಹಾಕಿದರೆ ಅದೇ ಪಾಠವನ್ನು ಇನ್ನೊಂದು ಹೆಸರಿನಲ್ಲಿ ಮತ್ತೆ ಓದುವುದು ತಪ್ಪದು. ಹಳೆಯ ಮೇಜರ್‌ನ ಕಡಿಮೆ ಅಂಕ ಸರಾಸರಿಯಲ್ಲಿ ಉಳಿಯುತ್ತದೆಯೇ ಎನ್ನುವುದು ಇನ್ನೊಂದು ಪ್ರಶ್ನೆ. ಸಾಮಾನ್ಯವಾಗಿ ಉಳಿಯುತ್ತದೆ, ಮೇಜರ್ ಬದಲಾದರೆ ಹಳೆಯದು ಅಳಿಸಿಹೋಗುತ್ತದೆ ಎನ್ನುವುದು ಬರೀ ಆಸೆ. ವಿದ್ಯಾರ್ಥಿವೇತನ, ಶಿಕ್ಷಣ ಸಾಲ, ಹಾಸ್ಟೆಲ್, ಪರದೇಶದಲ್ಲಿದ್ದರೆ ವೀಸಾ, ಇವೆಲ್ಲ ಬಹಳ ಸಲ ‘ಇಷ್ಟು ಸೆಮಿಸ್ಟರ್ ತನಕ ಮಾತ್ರ’ ಎಂಬ ಷರತ್ತಿನ ಮೇಲೆ ನಿಂತಿರುತ್ತವೆ. ಒಂಬತ್ತನೇ ಸೆಮಿಸ್ಟರ್‌ನ ಖರ್ಚು ಯಾರ ತಲೆಗೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಮತ್ತೆ, ಹೊಸ ವಿಭಾಗ ಒಪ್ಪಿದ ಪತ್ರ ಕೈಗೆ ಬರುವ ತನಕ ಹಳೆಯ ಮೇಜರ್‌ನಿಂದ ಹೆಸರು ತೆಗೆಸಬೇಡಿ. ನಡುವೆ ಸಿಕ್ಕಿಬಿದ್ದವರ ನೋಂದಣಿಯೇ ನಿಂತುಹೋಗುವುದುಂಟು.

ಇದನ್ನೆಲ್ಲ ವಿಭಾಗದ ಸಲಹೆಗಾರರಿಗೆ ಕೇಳುವಾಗ ‘ಸರ್, ಮೇಜರ್ ಚೇಂಜ್ ಮಾಡ್ಬಹುದಾ?’ ಎಂದು ಕೇಳಿದರೆ ‘ನೋಡೋಣ’ ಎಂಬ ಉತ್ತರವೇ ಬರುತ್ತದೆ. ಇಮೇಲ್‌ನಲ್ಲಿ ಹೀಗೆ ಕೇಳಿ:

‘ನಮಸ್ಕಾರ ಮೇಡಂ. ನಾನು ಕೆಮಿಸ್ಟ್ರಿಯಲ್ಲಿ ನಾಲ್ಕನೇ ಸೆಮಿಸ್ಟರ್. ಸ್ಟ್ಯಾಟಿಸ್ಟಿಕ್ಸ್‌ಗೆ ಬರಲು ಯೋಚಿಸುತ್ತಿದ್ದೇನೆ. ಮುಗಿಸಿದ ಕೋರ್ಸ್‌ಗಳ ಪಟ್ಟಿ, ಸಿಲಬಸ್ ಲಗತ್ತಿಸಿದ್ದೇನೆ. ಮೂರು ವಿಷಯ ತಿಳಿಯಬೇಕಿತ್ತು. ಇವುಗಳಲ್ಲಿ ಯಾವುವು ಕಡ್ಡಾಯ ಕೋರ್ಸ್‌ಗಳ ಬದಲಿಗೆ ಒಪ್ಪಿಗೆಯಾಗುತ್ತವೆ? ಪ್ರಾಬಬಿಲಿಟಿ ಮುಂದೆ ಯಾವ ಸೆಮಿಸ್ಟರ್‌ನಲ್ಲಿ ನಡೆಯುತ್ತದೆ? ಅರ್ಜಿಗೆ ಕೊನೆಯ ದಿನ ಯಾವುದು? ಮುಖತಃ ಮಾತಾಡಲು ಹದಿನೈದು ನಿಮಿಷ ಸಿಕ್ಕರೆ ಉಪಕಾರ.’

ಬಾಯಲ್ಲಿ ಹೇಳಿದ ಭರವಸೆ ವಿಭಾಗದ ಮುಖ್ಯಸ್ಥರು ಬದಲಾದ ದಿನ ಆವಿಯಾಗುತ್ತದೆ. ಭೇಟಿಯಲ್ಲಿ ಏನೇ ಮಾತಾದರೂ ಅವತ್ತೇ ‘ತಾವು ಹೇಳಿದ್ದು ಇಷ್ಟು, ಸರಿಯೇ?’ ಎಂದು ಬರೆದು ಕಳಿಸಿ ಉತ್ತರ ತರಿಸಿಕೊಳ್ಳಿ.

ಮನೆಯವರೊಂದಿಗೆ ಮಾತಾಡುವುದಕ್ಕೂ ಇದೇ ಒಂದು ಹಾಳೆ ಸಾಕು. ‘ನನಗಿಷ್ಟ ಇಲ್ಲ’ ಎನ್ನುವ ಮಾತಿಗೆ ‘ಸ್ವಲ್ಪ ದಿನ ತಡಿ, ಅಭ್ಯಾಸ ಆಗುತ್ತೆ’ ಎಂಬ ಮಾತು ಸಿದ್ಧವಾಗಿರುತ್ತದೆ. ‘ಒಂದು ಸೆಮಿಸ್ಟರ್ ಹೆಚ್ಚು, ಇಷ್ಟು ಶುಲ್ಕ, ಮೂರನೇ ವರ್ಷದ ಅಸೈನ್‌ಮೆಂಟ್ ಮಾಡಿ ನೋಡಿದ್ದೇನೆ’ ಎಂಬುದಕ್ಕೆ ಅಷ್ಟು ಸುಲಭದ ಉತ್ತರವಿಲ್ಲ.

‘ಇಷ್ಟು ದೂರ ಬಂದಾಯ್ತಲ್ಲ’

ನಾಲ್ಕು ಸೆಮಿಸ್ಟರ್ ಹಾಕಿದ್ದೇನೆ, ಈಗ ಬಿಟ್ಟರೆ ಅಷ್ಟೂ ನೀರಿನಲ್ಲಿ ಹೋಮ. ಈ ವಾದದ ಬಲ ಅದರ ತರ್ಕದಲ್ಲಿಲ್ಲ, ಅದು ಕೊಡುವ ನೋವಿನಲ್ಲಿದೆ. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಪ್ರಕಟಿಸಿದ ಪ್ರಯೋಗವೊಂದರಲ್ಲಿ ನಾಟಕಗಳ ಸೀಸನ್ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ 15 ಡಾಲರ್ ಪೂರ್ತಿ ಬೆಲೆ, ಇನ್ನು ಕೆಲವರಿಗೆ 2 ಅಥವಾ 7 ಡಾಲರ್ ರಿಯಾಯಿತಿ. ಯಾರಿಗೆ ಯಾವುದೆಂಬುದು ಅದೃಷ್ಟದ ಮೇಲೆ. ಸೀಸನ್‌ನ ಮೊದಲ ಅರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರೇ ಹೆಚ್ಚು ನಾಟಕ ನೋಡಿದರು. ನಾಟಕ ಎಲ್ಲರಿಗೂ ಒಂದೇ. ಎಳೆದುಕೊಂಡು ಹೋದದ್ದು ಕೊಟ್ಟ ದುಡ್ಡು.

ಮೇಜರ್ ವಿಷಯದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಎಷ್ಟು ಹಾಕಿದೆ ಎಂದಲ್ಲ. ಇಲ್ಲಿಂದ ಮುಂದೆ ಈ ದಾರಿ ಮುಗಿಸಲು ಎಷ್ಟು ಬೇಕು, ಆ ದಾರಿಗೆ ಎಷ್ಟು, ಮುಗಿದ ಮೇಲೆ ಎರಡರಿಂದಲೂ ಏನು ತೆರೆಯುತ್ತದೆ. ಆದರೆ ತಮಾಷೆ ಏನೆಂದರೆ, ಇದೇ ಲೆಕ್ಕ ಬಹಳ ಸಲ ಉಲ್ಟಾ ಉತ್ತರ ಕೊಡುತ್ತದೆ. ಆರು ಸೆಮಿಸ್ಟರ್ ಮುಗಿಸಿದವರಿಗೆ ಉಳಿದದ್ದು ಎರಡೇ. ಹೊಸ ಮೇಜರ್‌ಗೆ ಬೇಕಾದದ್ದು ಐದು. ಅಂಥವರು ಕಳೆದದ್ದಕ್ಕೆ ಅಳುತ್ತಾ ಕೂರದೆ, ಉಳಿದದ್ದನ್ನು ಮಾತ್ರ ನೋಡಿದರೂ ‘ಮುಗಿಸಿಬಿಡು’ ಎಂದೇ ಲೆಕ್ಕ ಹೇಳುತ್ತದೆ.

ಮುಗಿಸುವುದಾದರೆ ಉಳಿದ ಐಚ್ಛಿಕಗಳನ್ನೆಲ್ಲ ಹೊಸ ವಿಷಯದ ಕಡೆ ತಿರುಗಿಸಿ. ಐದಾರು ಕೋರ್ಸ್ ಒಂದೇ ಕಡೆ ಬಿದ್ದರೆ ಅನೇಕ ಕಡೆ ಅದನ್ನು ಮೈನರ್, ಅಂದರೆ ಉಪವಿಷಯ ಎಂದು ಕೊಡುತ್ತಾರೆ. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಕೊನೆಯ ವರ್ಷದ ಪ್ರಾಜೆಕ್ಟ್: ಕೆಮಿಸ್ಟ್ರಿ ವಿಭಾಗದಲ್ಲೇ ಕೂತು ಪ್ರಯೋಗದ ಅಂಕಿಅಂಶ ವಿಶ್ಲೇಷಣೆಯ ಪ್ರಾಜೆಕ್ಟ್ ಮಾಡಿದವರ ಕೈಯಲ್ಲಿ ತೋರಿಸಲು ಏನಾದರೂ ಇರುತ್ತದೆ. ಸ್ನಾತಕೋತ್ತರಕ್ಕೆ ವಿಷಯ ಬದಲಾಯಿಸುವ ಯೋಚನೆ ಇದ್ದರೆ, ಆ ಪ್ರವೇಶಕ್ಕೆ ಕೇಳುವ ಕೋರ್ಸ್‌ಗಳ ಪಟ್ಟಿ ಈಗಲೇ ತೆಗೆದು ನೋಡಿ. ಬಹಳ ಕಡೆ ಪದವಿಯ ಹೆಸರಿಗಿಂತ ಆ ಮೂರು ನಾಲ್ಕು ಕೋರ್ಸ್‌ಗಳೇ ಮುಖ್ಯ. ಡಬಲ್ ಮೇಜರ್ ಬಗ್ಗೆ ಮಾತ್ರ ನನಗೆ ಅಷ್ಟು ಒಲವಿಲ್ಲ. ಎರಡೂ ವಿಷಯ ನಿಜಕ್ಕೂ ಬೇಕಾದವರಿಗೆ ಅದು ಸರಿ. ಒಂದನ್ನು ಬಿಡಲು ಧೈರ್ಯ ಸಾಲದೆ ಎರಡು ದೋಣಿಗೆ ಕಾಲಿಟ್ಟವರು, ಬೇಡವಾದ ಮೇಜರ್‌ನ ಕಷ್ಟದ ಪೇಪರ್‌ಗಳನ್ನೂ ಬರೆಯುತ್ತಲೇ ಇರಬೇಕಾಗುತ್ತದೆ.

ಪದವಿ ಆಗಲೇ ಕೈಗೆ ಬಂದವರಿಗೆ

ಇವರಿಗೆ ಮೊದಲ ಪ್ರಶ್ನೆ: ಬೇಕಾಗಿರುವ ಕೆಲಸ ಬೀಗ ಹಾಕಿದ ಬಾಗಿಲೋ, ಬೀಗವಿಲ್ಲದೆ ಬರೀ ಮುಚ್ಚಿದ ಬಾಗಿಲೋ? ವೈದ್ಯಕೀಯ, ಫಾರ್ಮಸಿ, ಕಾನೂನು, ಆರ್ಕಿಟೆಕ್ಚರ್ ಇಂಥ ಲೈಸೆನ್ಸ್ ಬೇಕಾದ ವೃತ್ತಿಗಳಿಗೆ ಸಾಮಾನ್ಯವಾಗಿ ಅದೇ ಓದು ಬೇಕು, ಅಡ್ಡದಾರಿ ಹುಡುಕಿ ಪ್ರಯೋಜನವಿಲ್ಲ. ಉಳಿದ ಬಹುಪಾಲು ಕೆಲಸಗಳಲ್ಲಿ ಮೇಜರ್ ಎನ್ನುವುದು ಮೊದಲ ಕೆಲಸಕ್ಕೆ ಮಾತ್ರ ಜೋರಾಗಿ ಮಾತಾಡುತ್ತದೆ. ಅಮೆರಿಕದ 2010ರ ಅಂಕಿಅಂಶಗಳನ್ನು ಆಧರಿಸಿ ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ, ಓದಿದ ಮೇಜರ್‌ಗೆ ನೇರ ಸಂಬಂಧವಿರುವ ಕೆಲಸದಲ್ಲಿದ್ದ ಪದವೀಧರರು ಶೇ. 27 ಮಾತ್ರ. ವಿಷಯವನ್ನು ಬೇಗ ಆರಿಸಿದಷ್ಟೂ ಆಮೇಲೆ ಹೊರಳುವವರು ಹೆಚ್ಚು ಎನ್ನಲು ಬ್ರಿಟನ್ನಿನ ಉದಾಹರಣೆಯಿದೆ. ಇಂಗ್ಲೆಂಡಿನಲ್ಲಿ ಅರ್ಜಿ ಹಾಕುವಾಗಲೇ ವಿಷಯ ಹೇಳಬೇಕು, ಸ್ಕಾಟ್ಲೆಂಡಿನಲ್ಲಿ ಮೊದಲ ಎರಡು ವರ್ಷ ಹಲವು ವಿಷಯ ಓದಿ ನೋಡಬಹುದು. ಅರ್ಥಶಾಸ್ತ್ರಜ್ಞ ಒಫರ್ ಮಲಮುದ್ ಎರಡನ್ನೂ ಹೋಲಿಸಿದಾಗ, ಓದಿಗೆ ಸಂಬಂಧವಿಲ್ಲದ ಕೆಲಸಕ್ಕೆ ಹೊರಳಿದವರು ಇಂಗ್ಲೆಂಡಿನಲ್ಲೇ ಜಾಸ್ತಿ. ಹದಿನೆಂಟಕ್ಕೆ ಮಾಡಿದ ಊಹೆ ತಪ್ಪುವುದು ಯಾರೊಬ್ಬರ ಸೋಮಾರಿತನವಲ್ಲ.

ಬೀಗವಿಲ್ಲದ ಬಾಗಿಲಾದರೆ, ಬೇಕಾದ ಹುದ್ದೆಯ ಮೂವತ್ತು ಜಾಹೀರಾತು ತೆಗೆದು, ಪ್ರತಿಯೊಂದರಲ್ಲಿ ಕೇಳಿದ ಕೌಶಲಕ್ಕೂ ಒಂದೊಂದು ಗೆರೆ ಎಳೆಯಿರಿ. ಹದಿನೈದಕ್ಕಿಂತ ಹೆಚ್ಚು ಗೆರೆ ಬಿದ್ದ ಮೂರ್ನಾಲ್ಕು ಕೌಶಲ ಮಾತ್ರ ಕಲಿಯಬೇಕಾದವು. ಹತ್ತು ಆನ್‌ಲೈನ್ ಸರ್ಟಿಫಿಕೇಟ್‌ಗಿಂತ, ಆರರಿಂದ ಎಂಟು ವಾರದಲ್ಲಿ ಮುಗಿಸಿ ಬೇರೆಯವರು ತೆರೆದು ನೋಡಬಹುದಾದ ಒಂದೇ ಕೆಲಸ ಮೇಲು. ಸರ್ಟಿಫಿಕೇಟ್ ನೀವು ನೋಡಿದ್ದನ್ನು ಹೇಳುತ್ತದೆ, ಮಾಡಿದ್ದನ್ನಲ್ಲ. ರೆಸ್ಯೂಮೆಯಲ್ಲಿ ಆ ಕೆಲಸ ಮೇಲೆ, ಪದವಿ ಕೆಳಗೆ. ‘ಕೆಮಿಸ್ಟ್ರಿ ಓದಿ ಇಲ್ಲಿಗ್ಯಾಕೆ?’ ಎಂದು ಸಂದರ್ಶನದಲ್ಲಿ ಕೇಳಿದರೆ ಕ್ಷಮೆ ಕೇಳುವ ಧಾಟಿ ಬೇಡ, ಓದಿದ ವಿಷಯವನ್ನು ಬೈಯುವುದಂತೂ ಬೇಡವೇ ಬೇಡ. ‘ಲ್ಯಾಬ್‌ನಲ್ಲಿ ಅಳತೆಯ ದೋಷ ಲೆಕ್ಕ ಹಾಕುತ್ತಾ ಈ ಕೆಲಸದ ರುಚಿ ಹತ್ತಿತು, ಆಮೇಲೆ ಇದನ್ನು ಮಾಡಿದೆ’ ಎಂದು ಎರಡು ವಾಕ್ಯದಲ್ಲಿ ಹೇಳಿ, ಮಾಡಿದ್ದನ್ನು ತೋರಿಸಿ.

ಬದಲಾಯಿಸುವವರು, ಮುಗಿಸುವವರು, ಮುಗಿಸಿದವರು ಎಲ್ಲರೂ ಒಂದು ಫೋಲ್ಡರ್ ಮಾಡಿಟ್ಟುಕೊಳ್ಳಿ: ಓದಿದ ಪ್ರತಿ ಕೋರ್ಸ್‌ನ ಆ ವರ್ಷದ ಸಿಲಬಸ್, ಪಠ್ಯಪುಸ್ತಕದ ಹೆಸರು, ವಾರಕ್ಕೆಷ್ಟು ಗಂಟೆ ಪಾಠ, ಎಷ್ಟು ಲ್ಯಾಬ್. ಐದು ವರ್ಷದ ಮೇಲೆ ಬೇರೊಂದು ಕಡೆ ಪ್ರವೇಶ ಕೇಳಿದಾಗ ‘ನಿಮ್ಮ ಗಣಿತ ನಮ್ಮ ಗಣಿತಕ್ಕೆ ಸಮವೇ’ ಎಂದು ನೋಡುವುದು ಇದರಿಂದಲೇ. ಅಂಕಪಟ್ಟಿಯಲ್ಲಿ ಇರುವುದು ಕೋರ್ಸ್‌ನ ಹೆಸರು ಮತ್ತು ಅಂಕ ಅಷ್ಟೇ. ಸಿಲಬಸ್ ಪರಿಷ್ಕರಣೆಯಾದ ಮೇಲೆ ಹಳೆಯದು ವೆಬ್‌ಸೈಟಿನಿಂದ ಮಾಯವಾಗುತ್ತದೆ, ಕಾಲೇಜಿನ ಇಮೇಲ್ ಖಾತೆಯೂ ಒಂದು ದಿನ ಮುಚ್ಚಿಹೋಗುತ್ತದೆ. ಅದಕ್ಕೆ ಮೊದಲು ಪಿಡಿಎಫ್ ಇಳಿಸಿಕೊಂಡು ಸ್ವಂತ ಖಾತೆಗೆ ಕಳಿಸಿಕೊಳ್ಳಿ.